ತಾಯಿ ಕಂಡ ಕಾವು

ಜೀವವಿರುವ ಪ್ರಾಣಿಯನ್ನು ಅಂಚೆಯಲ್ಲಿ ಕಳಿಸುವಂತಿಲ್ಲ. ದೇಶದೇಶಗಳ ಅಂಚೆ ಇಲಾಖೆಗಳು ಸೇರಿ ಕಟ್ಟಿಕೊಂಡ ವಿಶ್ವ ಅಂಚೆ ಒಕ್ಕೂಟದ ನಿಯಮ ಇದು. ಆದರೆ ಅದೇ ನಿಯಮ ಕೆಲವು ಜೀವಿಗಳನ್ನು ಹೆಸರು ಹಿಡಿದು ಬಿಟ್ಟುಕೊಟ್ಟಿದೆ: ಜೇನುಹುಳು, ಜಿಗಣೆ, ರೇಷ್ಮೆಹುಳು. ಬೆಳೆಗೆ ಕಾಟ ಕೊಡುವ ಕೀಟಗಳನ್ನು ತಿಂದು ಬಾಳುವ ಕೀಟಗಳನ್ನೂ ಮಾನ್ಯತೆ ಪಡೆದ ಸಂಸ್ಥೆಗಳು ಪರಸ್ಪರ ಕಳಿಸಿಕೊಳ್ಳಬಹುದು. ಇಷ್ಟು ಚಿಕ್ಕ ಪಟ್ಟಿಯಲ್ಲಿ ರೇಷ್ಮೆಹುಳುವಿಗೆ ಜಾಗ ಸಿಕ್ಕಿರುವುದನ್ನು ನೋಡಿದರೆ, ಅದರ ಮೊಟ್ಟೆಯನ್ನು ದೂರದೂರಿಗೆ ಸಾಗಿಸುವುದು ಒಂದು ಕಾಲಕ್ಕೆ ಎಷ್ಟು ದೊಡ್ಡ ವ್ಯವಹಾರವಾಗಿತ್ತು ಎಂಬುದು ತಿಳಿಯುತ್ತದೆ.

ಸಾಗಿಸಲು ಅನುಕೂಲವಾದ ವಸ್ತುವೇ ಅದು. ಒಂದು ಗ್ರಾಂ ತೂಕಕ್ಕೆ ಒಂದೂವರೆ ಸಾವಿರದಿಂದ ಎರಡು ಸಾವಿರ ಮೊಟ್ಟೆ ಬರುತ್ತವೆ. ಲಕೋಟೆಯೊಳಗೆ ಒಂದು ಊರಿಗಾಗುವಷ್ಟು ಹುಳು ಹಿಡಿಸುತ್ತದೆ. ತೊಡಕು ಇರುವುದು ಕಾವಿನಲ್ಲಿ. ಮೊಟ್ಟೆ ಒಡೆದು ಹುಳು ಬರಬೇಕಾದರೆ ಬೆಚ್ಚಗಿರಬೇಕು ಎಂದು ಎಲ್ಲರಿಗೂ ಗೊತ್ತು; ಹಾಗಾದರೆ ದಾರಿಯುದ್ದಕ್ಕೂ ಬೆಚ್ಚಗಿಡುವುದು ಹೇಗೆ? ಈ ಪ್ರಶ್ನೆಗೆ ಮನುಷ್ಯರು ಸಾವಿರದ ಮುನ್ನೂರು ವರ್ಷ ಉತ್ತರ ಹುಡುಕಿದರು. ಕೊನೆಗೆ ಗೊತ್ತಾದದ್ದು, ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕಿತ್ತು ಎಂದು.

ಮೊದಲ ಉತ್ತರ ಬೈಜಾಂಟಿಯಂನ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿರುವುದು. ಕ್ರಿ.ಶ. 552ರ ಸುಮಾರಿನಲ್ಲಿ ಕೆಲವು ಸನ್ಯಾಸಿಗಳು ಚಕ್ರವರ್ತಿ ಜಸ್ಟಿನಿಯನ್ನನ ಬಳಿ ಬಂದರು. ರೇಷ್ಮೆಗಾಗಿ ಪರ್ಷಿಯನ್ನರ ಕೈ ಕಾಯುವುದು ಬೇಡ, ಹುಳುವನ್ನು ಜೀವಂತ ತರಲಾಗದಿದ್ದರೂ ಮೊಟ್ಟೆಯನ್ನು ತರಬಹುದು ಎಂದರು. ತಂದ ಮೇಲೆ ಆ ಮೊಟ್ಟೆಗಳನ್ನು ಸಗಣಿ ಗೊಬ್ಬರದಲ್ಲಿ ಮುಚ್ಚಿ, ಸಾಕಷ್ಟು ದಿನ ಕಾವಿನಲ್ಲಿಟ್ಟು ಹುಳು ಮಾಡಿದರಂತೆ. ಕೊಳೆಯುವ ಗೊಬ್ಬರದಲ್ಲಿ ಬಿಸಿ ಹುಟ್ಟುವುದು ತಿಪ್ಪೆ ಕೆದಕಿದ ಯಾವ ರೈತನಿಗೂ ಹೊಸದಲ್ಲ. ಥಿಯೋಫನೀಸ್ ಎಂಬ ಇನ್ನೊಬ್ಬ ಲೇಖಕ ಇದೇ ಕತೆಯನ್ನು ಬೇರೆ ಥರ ಹೇಳಿದ್ದಾನೆ. ಅವನ ಪ್ರಕಾರ ಪರ್ಷಿಯದವನೊಬ್ಬ ಊರುಗೋಲಿನ ಪೊಳ್ಳಿನೊಳಗೆ ಮೊಟ್ಟೆ ಬಚ್ಚಿಟ್ಟು ತಂದ. ಊರುಗೋಲಿನ ಕತೆಯೇ ಜನರ ಬಾಯಲ್ಲಿ ಉಳಿಯಿತು. ನನಗೆ ಪ್ರೊಕೋಪಿಯಸ್‌ನ ಗೊಬ್ಬರವೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮೊಟ್ಟೆ ಇಟ್ಟು ಬಹಳ ಕಾಲವಾದ ಮೇಲೆ ಕಾವು ಕೊಟ್ಟರು ಎಂಬ ಮಾತು ಅವನಲ್ಲಿದೆ. ದಾರಿಯುದ್ದಕ್ಕೂ ಒಡೆಯದೆ ಉಳಿದ ಮೊಟ್ಟೆಗಳು ಊರು ತಲುಪಿದ ಮೇಲೆ, ಬೇಕೆಂದಾಗ ಒಡೆದವು. ಅದು ಹೇಗೆ ಸಾಧ್ಯವಾಯಿತೆಂದು ಆಗ ಯಾರೂ ಕೇಳಲಿಲ್ಲ.

ಯುರೋಪಿನಲ್ಲಿ ರೇಷ್ಮೆ ನೆಲೆಯಾದ ಮೇಲೆ ಕಾವು ಕೊಡುವ ಕೆಲಸ ಹೆಂಗಸರದ್ದಾಯಿತು. ಫ್ರಾನ್ಸಿನ ಸೆವೆನ್ ಬೆಟ್ಟಸೀಮೆಯಲ್ಲಿ, ಇಟಲಿಯ ಹಳ್ಳಿಗಳಲ್ಲಿ, ವಸಂತ ಬಂದು ಹಿಪ್ಪುನೇರಳೆ ಚಿಗುರಿದಾಗ ಹೆಂಗಸರು ಮೊಟ್ಟೆಯನ್ನು ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಉಡುಪಿನೊಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳುತ್ತಿದ್ದರು. ಹೊಲದ ಕೆಲಸ, ಅಡುಗೆ ಎಲ್ಲ ಅದನ್ನು ಕಟ್ಟಿಕೊಂಡೇ. ಮೈಯ ಕಾವು ಹದವಾದದ್ದೇನೋ ಸರಿ, ಆದರೆ ಜ್ವರ ಬಂದರೆ ಏರುತ್ತದೆ, ಬೆವರಿಗೆ ಮೊಟ್ಟೆ ಒದ್ದೆಯಾಗುತ್ತದೆ, ಚೀಲದ ನಡುವಿನ ಮೊಟ್ಟೆಗೆ ಗಾಳಿ ಸಾಲದು. ಮೊಟ್ಟೆ ಉಸಿರಾಡುತ್ತದೆ ಎಂಬುದು ಆಗಿನವರ ಲೆಕ್ಕದಲ್ಲಿ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವೆನಿಸ್ಸಿನ ರಸಾಯನಶಾಸ್ತ್ರಜ್ಞ ವಿಂಚೆಂಜೊ ಡಾಂಡೊಲೊ ಈ ಚೀಲಗಳನ್ನು ಬಿಡಿಸಿ ಉಷ್ಣಮಾಪಕವನ್ನು ಕೈಗೆ ಕೊಟ್ಟರು. ಒಲೆಯಿರುವ ಕೋಣೆಯಲ್ಲಿ ಮೊಟ್ಟೆ ಹರಡಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಸಿ ಏರಿಸಿದರೆ ಹುಳುಗಳು ಒಟ್ಟಿಗೆ ಹೊರಬರುತ್ತವೆ ಎಂದು ತೋರಿಸಿದರು. ಒಟ್ಟಿಗೆ ಬರುವುದು ರೇಷ್ಮೆಯವರಿಗೆ ಸಣ್ಣ ಮಾತಲ್ಲ. ಒಂದು ದಿನ ಹಿಂದೆ ಮುಂದೆ ಬಂದ ಹುಳುಗಳು ಒಂದೇ ತಟ್ಟೆಯಲ್ಲಿದ್ದರೆ ಕೆಲವು ಜ್ವರಕ್ಕೆ ಹೋಗಿ ಸುಮ್ಮನೆ ಕೂತಿರುತ್ತವೆ, ಉಳಿದವು ಸೊಪ್ಪು ಕೇಳುತ್ತವೆ. ಪೊರೆ ಬಿಡುವ ನಿಲುಗಡೆಗೆ ನಮ್ಮ ರೈತರು ಜ್ವರ ಎನ್ನುತ್ತಾರೆ. ಸೊಪ್ಪು ಹಾಕಿದರೆ ಜ್ವರದ ಹುಳು ಸೊಪ್ಪಿನಡಿ ಹೂತುಹೋಗುತ್ತದೆ, ಹಾಕದಿದ್ದರೆ ಎದ್ದ ಹುಳು ಸೊರಗುತ್ತದೆ.

ಇಷ್ಟಾದರೂ ಡಾಂಡೊಲೊ ಉತ್ತರಿಸಿದ್ದು ಹಳೆಯ ಪ್ರಶ್ನೆಗೇ: ಕಾವು ಎಷ್ಟು, ಹೇಗೆ?

ನಮ್ಮ ನಾಡಿನಲ್ಲಿ ಈ ಕತೆಗೆ ಬೇರೊಂದು ಎಳೆ ಇದೆ. ಟಿಪ್ಪು ಸುಲ್ತಾನರ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಂದು 1811ರಲ್ಲಿ ಪ್ರಕಟಿಸಿದರು. ಅದರಲ್ಲಿ 1786ರ ಒಂದು ಪತ್ರ ಶ್ರೀರಂಗಪಟ್ಟಣದ ಕಿಲ್ಲೇದಾರರಿಗೆ ಬರೆದದ್ದು. ರೇಷ್ಮೆಹುಳು ತರಲು ಬಂಗಾಳಕ್ಕೆ ಹೋದ ಇಬ್ಬರು ಸಿದ್ಧವಟದ ದಾರಿಯಾಗಿ ಮರಳುತ್ತಿದ್ದಾರೆ, ಅವರು ಬಂದ ಕೂಡಲೆ ಹುಳು ಇಡಲು ಎಂಥ ಜಾಗ ತಕ್ಕದ್ದೆಂದು ಅವರನ್ನೇ ಕೇಳಿ ಏರ್ಪಾಡು ಮಾಡಬೇಕು ಎಂಬುದು ಅದರ ತಾತ್ಪರ್ಯ. ಆ ಇಬ್ಬರಲ್ಲಿ ಒಬ್ಬರ ಹೆಸರು ಕಸ್ತೂರಿ ರಂಗ. ಮಸ್ಕತ್‌ನಿಂದಲೂ ಹುಳು ತರಿಸುವ ಯತ್ನ ಆ ಪತ್ರಗಳಲ್ಲಿದೆ.

ಬಂಗಾಳದಿಂದ ಶ್ರೀರಂಗಪಟ್ಟಣಕ್ಕೆ ತಿಂಗಳುಗಟ್ಟಲೆ ದಾರಿ. ಬಂಗಾಳದ ತಳಿಗಳು ವರ್ಷಕ್ಕೆ ಹಲವು ಬಾರಿ ಸಂತಾನ ಮಾಡುವ ಬಹುತಳಿಗಳು. ಅವುಗಳ ಮೊಟ್ಟೆ ಇಟ್ಟ ಹತ್ತು ಹನ್ನೆರಡು ದಿನಕ್ಕೆ ಒಡೆಯುತ್ತದೆ, ಯಾರಿಗೂ ಕಾಯುವುದಿಲ್ಲ. ಹಾಗಾಗಿ ಆ ಇಬ್ಬರು ಮೊಟ್ಟೆಯ ಪೊಟ್ಟಣವೊಂದನ್ನೇ ಹಿಡಿದು ಬಂದಿರಲಾರರು. ದಾರಿಯಲ್ಲೇ ಹುಳು ಸಾಕಿ, ಗೂಡು ಕಟ್ಟಿಸಿ, ಚಿಟ್ಟೆ ಬಿಡಿಸಿ, ಮತ್ತೆ ಮೊಟ್ಟೆ ಪಡೆದು, ತಲೆಮಾರುಗಳನ್ನೇ ನಡೆಸಿಕೊಂಡು ಬಂದಿರಬೇಕೆಂದು ನನ್ನ ಊಹೆ. ದಾರಿಯಲ್ಲಿ ಹಿಪ್ಪುನೇರಳೆ ಎಲ್ಲಿ ಸಿಕ್ಕಿತು, ಮಳೆಯಲ್ಲಿ ಹುಳುವನ್ನು ಹೇಗೆ ಕಾಪಾಡಿದರು ಎಂದು ಕಸ್ತೂರಿ ರಂಗ ಎರಡು ಸಾಲು ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಬಂಗಾಳದ ಮೊಟ್ಟೆ ತಾನಾಗಿ ದೂರ ಹೋಗದು. ಚೀನಾ, ಜಪಾನ್, ಯುರೋಪಿನ ಮೊಟ್ಟೆ ಅರ್ಧ ಭೂಮಿ ಸುತ್ತುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಹುಡುಕುವ ಅಗತ್ಯ ಬಂದದ್ದು ಒಂದು ರೋಗದಿಂದ.

1850ರ ದಶಕದಲ್ಲಿ ಫ್ರಾನ್ಸ್ ಮತ್ತು ಇಟಲಿಯ ಹುಳುಗಳಿಗೆ ಪೆಬ್ರಿನ್ ಹತ್ತಿತು. ಹುಳುವಿನ ಮೈಮೇಲೆ ಮೆಣಸಿನಪುಡಿ ಉದುರಿಸಿದಂಥ ಕಪ್ಪು ಚುಕ್ಕೆ. ತಾಯಿಯಿಂದ ಮೊಟ್ಟೆಗೆ ದಾಟುವ ರೋಗ. ಊರಿಗೂರೇ ಬಿತ್ತನೆ ಇಲ್ಲದೆ ಕೂತಿತು. ರೋಗ ಮುಟ್ಟದ ಮೊಟ್ಟೆ ಹುಡುಕುತ್ತ ಇಟಲಿಯ ವ್ಯಾಪಾರಿಗಳು ಯೋಕೊಹಾಮ ಬಂದರಿಗೆ ಹೋದರು. ಜಪಾನೀಯರು ಚಿಟ್ಟೆಗಳನ್ನು ದಪ್ಪ ಕಾಗದದ ಮೇಲೆ ಬಿಟ್ಟು ಮೊಟ್ಟೆ ಇಡಿಸುತ್ತಿದ್ದರು. ಆ ಹಾಳೆಗಳು ಲಕ್ಷಗಟ್ಟಲೆ ಹಡಗು ಹತ್ತಿದವು. 1865ರಲ್ಲಿ ಶೋಗನ್ ತೊಕುಗಾವ ಇಯೆಮೊಚಿ ಫ್ರಾನ್ಸಿನ ಮೂರನೆಯ ನೆಪೋಲಿಯನ್‌ಗೆ 15,000 ಮೊಟ್ಟೆಹಾಳೆ ಕಾಣಿಕೆ ಕಳಿಸಿದರು, ಬದಲಿಗೆ ಅರಬ್ಬಿ ಕುದುರೆಗಳು ಬಂದವು.

ಈ ವ್ಯಾಪಾರಿಗಳು ಕೈಸುಟ್ಟುಕೊಂಡು ಕಲಿತ ಪಾಠ ಒಂದಿತ್ತು: ದಾರಿಯಲ್ಲಿ ಮೊಟ್ಟೆ ಬೆಚ್ಚಗಾದರೆ ಸರಕು ಹಾಳು. ಕೆಂಪು ಸಮುದ್ರದ ಸೆಕೆಗೆ ಅವರು ಹೆದರುತ್ತಿದ್ದರು. ಅಮೆರಿಕದಲ್ಲಿ ಪೂರ್ವ-ಪಶ್ಚಿಮ ರೈಲುದಾರಿ ಕೂಡಿಕೊಂಡ ಮೇಲೆ ಕೆಲವರು ಪೆಸಿಫಿಕ್ ಸಾಗರ ದಾಟಿ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿಗೆ ಬಂದು ಮನೆ ಸೇರಿದರು. ಮೊಟ್ಟೆಯನ್ನು ಬೆಚ್ಚಗಿಡುವ ಚಿಂತೆ ಅವರಿಗೆ ಇರಲಿಲ್ಲ, ತಣ್ಣಗಿಡುವುದೇ ಅವರ ಹಗಲಿರುಳಿನ ಚಿಂತೆಯಾಗಿತ್ತು.

ಇದೇ ಕಾಲಕ್ಕೆ ಮೈಸೂರಿನ ಹುಳುಗಳಿಗೂ ರೋಗ ಬಿದ್ದಿತ್ತು. 1860ರ ದಶಕದಲ್ಲಿ ಡಿ ವೆಕ್ಕಿ ಎಂಬ ಇಟಲಿಯ ಮಹನೀಯರು ಸರ್ಕಾರದ ನೆರವಿನಿಂದ ಜಪಾನಿನ ಮೊಟ್ಟೆಹಾಳೆಗಳನ್ನು ಬೆಂಗಳೂರಿಗೆ ತರಿಸಿದರು. ಆ ಪ್ರಯತ್ನ ನೆಲೆಯೂರಲಿಲ್ಲ. ಈಗ ಹಿಂತಿರುಗಿ ನೋಡಿದರೆ ಒಂದು ಕಾರಣವಾದರೂ ಕಣ್ಣಿಗೆ ಬೀಳುತ್ತದೆ. ಜಪಾನಿನ ಮೊಟ್ಟೆಗೆ ಎಚ್ಚರವಾಗಲು ತಿಂಗಳುಗಟ್ಟಲೆ ಗಡಗಡ ನಡುಗಿಸುವ ಚಳಿ ಬೇಕು. ಬೆಂಗಳೂರಿನ ಡಿಸೆಂಬರ್ ನಮಗೆ ಶಾಲು ಹೊದೆಸುತ್ತದೆ, ಅಷ್ಟು ಚಳಿ ಆ ಮೊಟ್ಟೆಗೆ ಏನೇನೂ ಸಾಲದು. ತರಿಸಿದವರಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಅದಿನ್ನೂ ಪತ್ತೆಯಾಗಿರಲಿಲ್ಲ.

ಪತ್ತೆಯಾದದ್ದು 1869ರಲ್ಲಿ. ಪೆಬ್ರಿನ್ ಬೆನ್ನುಹತ್ತಿ ಲೂಯಿ ಪಾಶ್ಚರ್ 1865ರಲ್ಲಿ ಫ್ರಾನ್ಸಿನ ದಕ್ಷಿಣದ ಅಲೆಸ್ ಊರಿಗೆ ಬಂದಿದ್ದರು. ಒಂದೊಂದು ಚಿಟ್ಟೆಯಿಂದಲೂ ಬೇರೆ ಬೇರೆಯಾಗಿ ಮೊಟ್ಟೆ ಇಡಿಸಿ, ಆಮೇಲೆ ಆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆಯನ್ನು ಸುಟ್ಟುಬಿಡುವ ಅವರ ವಿಧಾನವೇ ಇವತ್ತಿಗೂ ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ, ಅಂದರೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ, ರೋಗಪರೀಕ್ಷೆಗೆ ಆಧಾರ. ಆ ಕೆಲಸದಲ್ಲಿ ಜೊತೆಗಿದ್ದ ಶಿಷ್ಯರಲ್ಲಿ ಒಬ್ಬರು ಎಮಿಲ್ ಡ್ಯುಕ್ಲೊ. ಮುಂದೆ ಗುರುವಿನ ನಂತರ ಪಾಶ್ಚರ್ ಸಂಸ್ಥೆಯ ನಿರ್ದೇಶಕರಾದವರು. ಚಳಿಯ ಗುಟ್ಟನ್ನು ಪತ್ತೆ ಮಾಡಿದವರು ಅವರೇ, ಆದರೆ ರೋಗದ ಕತೆಯ ನೆರಳಿನಲ್ಲಿ ಆ ಕೆಲಸ ಮರೆಯಾಗಿದೆ. ನನಗದು ಬೇಸರದ ಸಂಗತಿ.

ಡ್ಯುಕ್ಲೊ ಕೇಳಿಕೊಂಡ ಪ್ರಶ್ನೆ ಸರಳ. ಜೂನ್-ಜುಲೈನಲ್ಲಿ ಇಟ್ಟ ಮೊಟ್ಟೆ ಅದೇ ಬೇಸಿಗೆಯ ಬಿಸಿಗೆ ಏಕೆ ಒಡೆಯುವುದಿಲ್ಲ? ಆಗಸ್ಟಿನ ಸೆಕೆ ಏಪ್ರಿಲಿನದಕ್ಕಿಂತ ಹೆಚ್ಚು. ಕಾವೇ ಹುಳುವನ್ನು ಹೊರಡಿಸುವುದಾದರೆ ಮೊಟ್ಟೆ ಆಗಸ್ಟಿನಲ್ಲೇ ಒಡೆಯಬೇಕಿತ್ತು. ಒಡೆಯದೆ ಚಳಿಗಾಲ ಕಳೆದು, ವಸಂತದ ಅದಕ್ಕಿಂತ ಕಡಿಮೆ ಬಿಸಿಗೆ ಒಡೆಯುತ್ತದೆ. ಅಂದರೆ ನಡುವಿನ ಚಳಿ ಏನೋ ಮಾಡಿರಬೇಕು.

ಅವರು ಮೊಟ್ಟೆಗಳನ್ನು ಪಾಲು ಮಾಡಿದರು. ಚಳಿಯನ್ನೇ ತೋರಿಸದೆ ಬೆಚ್ಚಗಿಟ್ಟವು ವಸಂತ ಬಂದರೂ ಸರಿಯಾಗಿ ಒಡೆಯಲಿಲ್ಲ. ಮಂಜುಗಡ್ಡೆಯ ತಂಪಿನಲ್ಲಿ ಕೆಲವು ವಾರ ಇಟ್ಟು ಆಮೇಲೆ ಕಾವಿಗೆ ತಂದವು ಋತುವಲ್ಲದ ಋತುವಿನಲ್ಲೂ ಒಡೆದವು. ಕೃತಕವಾಗಿ ಕೊಟ್ಟ ಚಳಿಗಾಲವನ್ನು ಮೊಟ್ಟೆ ನಿಜವಾದ ಚಳಿಗಾಲವೆಂದೇ ಲೆಕ್ಕ ಹಿಡಿದಿತ್ತು. ಕಾವಿಗೆ ಕೆಲಸ ಮಾಡುವ ಶಕ್ತಿ ಬರುವುದು ಚಳಿ ಕಳೆದ ಮೇಲೆ. ಅದಕ್ಕೆ ಮೊದಲು ಎಷ್ಟು ಬೆಚ್ಚಗಿಟ್ಟರೂ ಮೊಟ್ಟೆ ನಿದ್ದೆಯಲ್ಲೇ ಇರುತ್ತದೆ, ಬಹಳ ದಿನ ಹಾಗಿಟ್ಟರೆ ನಿದ್ದೆಯಲ್ಲೇ ಸಾಯುತ್ತದೆ.

ಸಾವಿರ ವರ್ಷಗಳ ಎಷ್ಟೋ ಒಗಟುಗಳು ಇದರಿಂದ ಬಿಡಿಸಿಕೊಂಡವು. ಸನ್ಯಾಸಿಗಳ ಮೊಟ್ಟೆ ದಾರಿಯಲ್ಲಿ ಒಡೆಯದೆ ಗೊಬ್ಬರದಲ್ಲಿ ಒಡೆದದ್ದು ಅದು ನಿದ್ರಿಸುವ ತಳಿಯಾದ್ದರಿಂದ. ಇಟಲಿಯ ಹೆಂಗಸರ ಚೀಲ ಫಲಿಸುತ್ತಿದ್ದುದು ಅದಕ್ಕೆ ಮುಂಚೆ ಆ ಮೊಟ್ಟೆ ಆಲ್ಪ್ಸ್ ತಪ್ಪಲಿನ ಚಳಿಗಾಲವೊಂದನ್ನು ಗೋಡೆಗೂಡಿನಲ್ಲಿ ಕಳೆದಿದ್ದರಿಂದ. ಯೋಕೊಹಾಮದ ವ್ಯಾಪಾರಿಗಳು ಕೆಂಪು ಸಮುದ್ರಕ್ಕೆ ಹೆದರಿದ್ದೂ ಸರಿಯೇ: ಚಳಿ ಕಂಡು ಎಚ್ಚರಗೊಳ್ಳತೊಡಗಿದ ಮೊಟ್ಟೆಗೆ ದಾರಿಯಲ್ಲಿ ಬಿಸಿ ತಗುಲಿದರೆ ಹಡಗಿನಲ್ಲೇ ಹುಳು ಬಂದುಬಿಡುತ್ತದೆ, ಅಲ್ಲಿ ಸೊಪ್ಪೆಲ್ಲಿ?

ಜಪಾನೀಯರು ಈ ತಿಳಿವನ್ನು ಉದ್ಯಮವಾಗಿ ಬೆಳೆಸಿದರು. ಗುನ್ಮ ಪ್ರಾಂತದ ಅರಾಫುನೆ ಬೆಟ್ಟದಲ್ಲಿ ಬಂಡೆಗಳ ಸಂದಿನಿಂದ ಬೇಸಿಗೆಯಲ್ಲೂ ಹಿಮದಂಥ ಗಾಳಿ ಬೀಸುತ್ತದೆ. 1905ರಿಂದ 1914ರ ನಡುವೆ ಅಲ್ಲಿ ಕಲ್ಲಿನ ಕೋಣೆಗಳನ್ನು ಕಟ್ಟಿ ಮೊಟ್ಟೆಹಾಳೆಗಳನ್ನು ಇಟ್ಟರು. ಜಪಾನಿನ ಎಲ್ಲೆಡೆಯಿಂದ, ಕೊರಿಯದಿಂದಲೂ ರೇಷ್ಮೆಯವರು ಅಲ್ಲಿಗೆ ಹಾಳೆ ಕಳಿಸಿ, ಬೇಕಾದಾಗ ತರಿಸಿಕೊಳ್ಳುತ್ತಿದ್ದರು. ವರ್ಷಕ್ಕೆ ಒಂದೇ ಬೆಳೆ ಎಂಬ ಕಟ್ಟು ಹೀಗೆ ಸಡಿಲವಾಯಿತು. 2014ರಲ್ಲಿ ಯುನೆಸ್ಕೊ ತೊಮಿಯೊಕ ರೇಷ್ಮೆ ಗಿರಣಿಯ ಜೊತೆ ಈ ಕಲ್ಲುಕೋಣೆಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನಿದ್ದೆಯನ್ನು ತಪ್ಪಿಸುವ ಇನ್ನೊಂದು ದಾರಿ ಹೈಡ್ರೋಕ್ಲೋರಿಕ್ ಆಮ್ಲ. ಮೊಟ್ಟೆ ಇಟ್ಟು ಇಪ್ಪತ್ತು ಗಂಟೆಯ ಆಸುಪಾಸಿನಲ್ಲಿ, 46 ಡಿಗ್ರಿ ಬಿಸಿಯ ತೆಳು ಆಮ್ಲದಲ್ಲಿ ಐದಾರು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ಒಣಗಿಸಿದರೆ ಆ ಮೊಟ್ಟೆ ಮಲಗುವುದೇ ಇಲ್ಲ. ಹತ್ತು ಹನ್ನೊಂದು ದಿನಕ್ಕೆ ಹುಳು. ಕರ್ನಾಟಕದ ದ್ವಿತಳಿ ಬಿತ್ತನೆ ಕೋಠಿಗಳಲ್ಲಿ ಇದು ನಿತ್ಯದ ಕೆಲಸ. ಆಮ್ಲದ ಘಾಟಿನ ನಡುವೆ, ಗಡಿಯಾರದ ಮೇಲೆ ಕಣ್ಣಿಟ್ಟು, ಟ್ರೇಗಳನ್ನು ಇಳಿಸಿ ಎತ್ತುವವರ ಹದವರಿತ ಕೈಯ ಮೇಲೆ ನೂರಾರು ಮನೆಗಳ ಬೆಳೆ ನಿಂತಿರುತ್ತದೆ. ಅವರ ಕೆಲಸವನ್ನು ಯಾರೂ ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ, ಹೇಳಬೇಕಾದದ್ದು.

ಆದರೂ ಒಂದು ಪ್ರಶ್ನೆ ಉಳಿಯಿತು, ನನ್ನ ಮಟ್ಟಿಗೆ ಇಡೀ ಕತೆಯ ಸೊಗಸೆಲ್ಲ ಇರುವುದು ಅದರಲ್ಲೇ. ದ್ವಿತಳಿ ಹುಳು ವರ್ಷಕ್ಕೆ ಎರಡು ತಲೆಮಾರು ನಡೆಸುತ್ತದೆ. ವಸಂತದ ಚಿಟ್ಟೆ ಇಟ್ಟ ಮೊಟ್ಟೆ ಮಲಗದೆ ಒಡೆಯುತ್ತದೆ. ಆ ಹುಳುಗಳು ಬೆಳೆದು ಚಿಟ್ಟೆಯಾಗಿ ಬೇಸಿಗೆಯಲ್ಲಿ ಇಟ್ಟ ಮೊಟ್ಟೆ ಮಲಗುತ್ತದೆ. ತಳಿ ಒಂದೇ, ರಕ್ತ ಒಂದೇ. ಮಲಗಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಯಾರು?

ಜಪಾನಿನ ಸಂಶೋಧಕರು ಮೊಟ್ಟೆಗೆ ಕಾವು ಕೊಡುವ ದಿನಗಳನ್ನೇ ಬದಲಿಸಿ ನೋಡಿದರು. ಕ್ಯುಶು ವಿಶ್ವವಿದ್ಯಾಲಯದ ಕೊಗುರೆ 1933ರಲ್ಲಿ ಪ್ರಕಟಿಸಿದ ವಿಸ್ತಾರವಾದ ಕೆಲಸದಲ್ಲಿ ಚಿತ್ರ ಪೂರ್ಣವಾಯಿತು. ಮೊಟ್ಟೆಯನ್ನು 25 ಡಿಗ್ರಿಯಲ್ಲಿ, ಬೆಳಕಿನಲ್ಲಿ ಕಾವಿಗಿಟ್ಟರೆ ಅದರಿಂದ ಬಂದ ಹುಳು ಬೆಳೆದು, ಗೂಡು ಕಟ್ಟಿ, ಚಿಟ್ಟೆಯಾಗಿ ಇಡುವ ಮೊಟ್ಟೆಗಳು ಮಲಗುತ್ತವೆ. ಅದೇ ತಳಿಯ ಮೊಟ್ಟೆಯನ್ನು 15 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟರೆ ಅದರಿಂದಾದ ಚಿಟ್ಟೆಯ ಮೊಟ್ಟೆಗಳು ಮಲಗುವುದಿಲ್ಲ. ತಾಯಿ ತಾನಿನ್ನೂ ಮೊಟ್ಟೆಯಲ್ಲಿದ್ದಾಗ ಕಂಡ ಕಾವನ್ನು ಹುಳುವಾಗಿ, ಕೋಶವಾಗಿ, ಚಿಟ್ಟೆಯಾಗಿ ರೂಪ ಬದಲಿಸಿದರೂ ಮರೆಯದೆ ಒಂದೂವರೆ ತಿಂಗಳ ಮೇಲೆ ತನ್ನ ಮಕ್ಕಳಿಗೆ ದಾಟಿಸುತ್ತಾಳೆ. ಇದನ್ನು ಮೊದಲು ಓದಿದಾಗ ನಾನು ಪುಟ ಮಡಿಸಿಟ್ಟು ಬಹಳ ಹೊತ್ತು ಮುಂದೆ ಓದಲಿಲ್ಲ.

ಹೇಗೆ ದಾಟಿಸುತ್ತಾಳೆ ಎಂಬುದು ಕಂತುಕಂತಾಗಿ ತಿಳಿಯಿತು. 1951-52ರ ಹೊತ್ತಿಗೆ ಹಸೆಗಾವ ಮತ್ತು ಫುಕುದ ಬೇರೆ ಬೇರೆಯಾಗಿ ಕೆಲಸ ಮಾಡಿ, ಕೋಶದ ಗಂಟಲ ಬಳಿಯ ಒಂದು ಪುಟ್ಟ ನರಗಂಟು ನಿದ್ದೆಯ ಸ್ರಾವವನ್ನು ಬಿಡುತ್ತದೆ ಎಂದು ತೋರಿಸಿದರು. ಆ ನರಗಂಟನ್ನು ತೆಗೆದರೆ ಮೊಟ್ಟೆ ಮಲಗದು. ಅದೇ ದಶಕದಲ್ಲಿ ಚಿನೊ ಎಂಬವರು ಮಲಗಿದ ಮೊಟ್ಟೆಯೊಳಗಿನ ಗ್ಲೈಕೊಜೆನ್ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗಿ ಬದಲಾಗುತ್ತದೆ, ಎಚ್ಚರವಾಗುವಾಗ ಮತ್ತೆ ಗ್ಲೈಕೊಜೆನ್ ಆಗುತ್ತದೆ ಎಂದು ಕಂಡರು. 1991ರಲ್ಲಿ ಆ ಸ್ರಾವದ ರಚನೆ ಬಿಡಿಸಲಾಯಿತು: 24 ಅಮೈನೊ ಆಮ್ಲಗಳ ಒಂದು ಸರಪಳಿ. ಕಾವನ್ನು ಅಳೆಯುವುದು ಯಾವುದೆಂದು 2014ರಲ್ಲಿ ಶಿನ್ಶು ವಿಶ್ವವಿದ್ಯಾಲಯದ ತಂಡ ಪತ್ತೆ ಮಾಡಿತು. ಭ್ರೂಣದ ಜೀವಕೋಶಗಳಲ್ಲಿ ಟಿಆರ್‌ಪಿಎ1 ಎಂಬ ಪ್ರೋಟೀನ್ ಬಾಗಿಲು ಇದೆ. 21 ಡಿಗ್ರಿಯ ಆಸುಪಾಸು ದಾಟಿದರೆ ಅದು ತೆರೆದುಕೊಳ್ಳುತ್ತದೆ. ಆ ಬಾಗಿಲ ಕೆಲಸವನ್ನು ತಡೆದು, 25 ಡಿಗ್ರಿಯಲ್ಲಿ ಇಟ್ಟ ಮೊಟ್ಟೆಯಿಂದಲೂ ಮಲಗದ ಮೊಟ್ಟೆ ಇಡುವ ಚಿಟ್ಟೆಗಳನ್ನು ಅವರು ಪಡೆದರು.

ಮಲಗುವ ಮೊಟ್ಟೆಯನ್ನು ಗುರುತಿಸಲು ಇದ್ಯಾವುದೂ ಬೇಕಿಲ್ಲ. ಇಟ್ಟಾಗ ಎಲ್ಲವೂ ತಿಳಿಹಳದಿ. ಮಲಗುವಂಥವು ಎರಡು ಮೂರು ದಿನದಲ್ಲಿ ಕಂದು, ಬೂದು, ಕಡುಬಣ್ಣಕ್ಕೆ ತಿರುಗುತ್ತವೆ. ಮಲಗದವು ಹುಳುವಿನ ತಲೆಯ ಕಪ್ಪುಚುಕ್ಕೆ ಮೂಡುವವರೆಗೂ ಹಳದಿಯಾಗಿಯೇ ಇರುತ್ತವೆ. ಕುಣಿಗಲ್, ಮಾಗಡಿ ಕಡೆ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವವರು ಹಳದಿ ಮೊಟ್ಟೆಯನ್ನು ಕಂಡೇ ಬೆಳೆದವರು. ಆ ತಳಿಯ ಮೊಟ್ಟೆ ಮಲಗುವುದಿಲ್ಲ.

ಮೈಸೂರು ಸರ್ಕಾರ ಈ ವಿದ್ಯೆಯನ್ನು ಹೊರಗಿನಿಂದ ಹುಡುಕಿ ತಂದದ್ದಕ್ಕೆ ಉದ್ದ ಚರಿತ್ರೆ ಇದೆ. 1890ರ ದಶಕದಲ್ಲಿ ಜಮ್ಷೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿಯ ಬಳಿಯ ಆ ಜಾಗಕ್ಕೆ ಈಗಲೂ ಟಾಟಾ ಸಿಲ್ಕ್ ಫಾರಂ ಎಂದೇ ಹೆಸರು. 1913ರ ಸುಮಾರಿಗೆ ಇಟಲಿಯ ವಾಷಿಂಗ್ಟನ್ ಮಾರಿ ಬಂದರು, 1914ರಲ್ಲಿ ಚನ್ನಪಟ್ಟಣದಲ್ಲಿ ರೇಷ್ಮೆ ಕೃಷಿಕ್ಷೇತ್ರ ಆರಂಭವಾಯಿತು. ಇಲಾಖೆಯನ್ನು ನಡೆಸಿದವರಲ್ಲಿ ನವರತ್ನ ರಾಮರಾಯರೂ ಒಬ್ಬರು. ಕನ್ನಡಿಗರು ಅವರನ್ನು ‘ಕೆಲವು ನೆನಪುಗಳು’ ಬರೆದವರೆಂದು ಬಲ್ಲರು. 1920ರ ದಶಕದಲ್ಲಿ ಮಿಶ್ರತಳಿ ರೈತರ ಕೈಗೆ ಬಂತು: ತಾಯಿ ಶುದ್ಧ ಮೈಸೂರು, ತಂದೆ ಹೊರನಾಡಿನ ತಳಿ.

ತಾಯಿ ಯಾರು, ತಂದೆ ಯಾರು ಎಂಬ ಈ ಜೋಡಣೆ ಕಾಕತಾಳೀಯವಲ್ಲ. ಮಲಗುವ ಗುಣ ತಾಯಿಯ ಕಡೆಯಿಂದ ಬರುವುದರಿಂದ, ಮೈಸೂರು ತಾಯಿಗೆ ದ್ವಿತಳಿ ತಂದೆಯನ್ನು ಕೂಡಿಸಿದರೆ ಮೊಟ್ಟೆ ಮಲಗದೆ ಹತ್ತು ಹನ್ನೆರಡು ದಿನಕ್ಕೆ ಒಡೆಯುತ್ತದೆ, ಶೈತ್ಯಾಗಾರವೂ ಬೇಡ, ಆಮ್ಲವೂ ಬೇಡ. ತಂದೆಯಿಂದ ಗೂಡಿನ ತೂಕ, ನೂಲಿನ ಉದ್ದ ಬರುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1991ರಿಂದ ಜಪಾನ್ ಸಹಕಾರದಲ್ಲಿ ಬೆಳೆಸಿದ ಸಿಎಸ್‌ಆರ್ ದ್ವಿತಳಿಗಳು ಬಂದ ಮೇಲೂ ಮೈಸೂರು ತಾಯಿ, ಸಿಎಸ್‌ಆರ್2 ತಂದೆಯ ಮಿಶ್ರತಳಿ ರಾಮನಗರ, ಕೋಲಾರದ ಕಡೆ ಬೆಳೆಯುತ್ತಲೇ ಇದೆ.

ಶುದ್ಧ ದ್ವಿತಳಿ ಮೊಟ್ಟೆಗಾದರೆ ಈಗ ಚಳಿಗಾಲವನ್ನು ಅಳೆದು ಕೊಡುತ್ತಾರೆ. ನಾಲ್ಕು ತಿಂಗಳ, ಆರು ತಿಂಗಳ, ಹತ್ತು ತಿಂಗಳ ವೇಳಾಪಟ್ಟಿಗಳಿವೆ. 25 ಡಿಗ್ರಿಯಿಂದ ಮೆಟ್ಟಿಲು ಮೆಟ್ಟಿಲಾಗಿ 5ಕ್ಕೆ, 2.5ಕ್ಕೆ ಇಳಿಸಿ, ಬೇಕಾದ ತಿಂಗಳಿಗೆ ಹೊರತೆಗೆದು, 15 ಡಿಗ್ರಿಯಲ್ಲಿ ಕೆಲವು ಗಂಟೆ ನಿಲ್ಲಿಸಿ, ಆಮೇಲೆ 25ಕ್ಕೆ ತರುತ್ತಾರೆ. ಕಳಿಸುವ ಸಮಯ ಇದರಲ್ಲೇ ಅಡಗಿದೆ. ಶೈತ್ಯಾಗಾರದಿಂದ ತೆಗೆದ ಮೊದಲ ದಿನಗಳಲ್ಲಿ ಕಳಿಸಿದರೆ, ದಾರಿಯಲ್ಲಿ ಒಂದೆರಡು ದಿನ ತಂಪಾಗಿದ್ದರೂ ಒಡೆಯುವುದು ಅಷ್ಟು ತಡವಾಗುತ್ತದೆ, ಹೆಚ್ಚು ಕೆಡುಕಿಲ್ಲ. ತಲೆಚುಕ್ಕೆ ಕಂಡ ಮೇಲೆ ಮಾತ್ರ ಪ್ರಯಾಣ ಬೇಡ. ಆಗ ಭ್ರೂಣ ಜೋರಾಗಿ ಉಸಿರಾಡುತ್ತಿರುತ್ತದೆ, ಬಿಸಿಯೂ ಕುಲುಕಾಟವೂ ಅದಕ್ಕೆ ಒಗ್ಗುವುದಿಲ್ಲ.

ನಾನಿರುವ ಅಹಮದಾಬಾದಿನ ನವರಂಗಪುರದಲ್ಲಿ ಕನ್ನಡದ ಮಕ್ಕಳು ಶಾಲೆಯ ವಿಜ್ಞಾನದ ಕೆಲಸಕ್ಕೆ ಊರಿನಿಂದ ರೇಷ್ಮೆ ಮೊಟ್ಟೆ ತರಿಸಿಕೊಳ್ಳಬಹುದೇ ಎಂದು ಕೇಳುವುದುಂಟು. ಕೇಳುವುದು ಜನವರಿಯಲ್ಲಿ, ರಾತ್ರಿ 12 ಡಿಗ್ರಿಗೆ ಇಳಿದಾಗ. ಮೊಟ್ಟೆಗೆ ಚಳಿಯಾಗದಂತೆ ಪೊಟ್ಟಣದಲ್ಲಿ ಬಿಸಿ ಚೀಲ ಇಡಬೇಕೇ ಎಂಬುದು ಅವರ ಮೊದಲ ಪ್ರಶ್ನೆ. ಹಿಮ ಬೀಳುವ ದೇಶಗಳಲ್ಲಿ ಪತಂಗ ಸಾಕುವವರು ಹಾಗೆ ಮಾಡುತ್ತಾರೆ. ಆ ಚೀಲದೊಳಗೆ ಇರುವುದು ಕಬ್ಬಿಣದ ಪುಡಿ, ಉಪ್ಪು, ನೀರು, ಇದ್ದಿಲು. ಕಬ್ಬಿಣ ತುಕ್ಕು ಹಿಡಿಯುವಾಗ ಬಿಸಿ ಹುಟ್ಟುತ್ತದೆ. ತುಕ್ಕಿಗೆ ಆಮ್ಲಜನಕ ಬೇಕು, ಮೊಟ್ಟೆಗೂ ಆಮ್ಲಜನಕ ಬೇಕು. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಎರಡನ್ನೂ ಇಟ್ಟರೆ ಮೊಟ್ಟೆಯ ಪಾಲಿನ ಗಾಳಿಯನ್ನು ಕಬ್ಬಿಣ ತಿಂದುಹಾಕುತ್ತದೆ. ಚೀಲಕ್ಕೆ ತಾಗಿಕೊಂಡ ಮೊಟ್ಟೆ ಬೆಂದೂ ಹೋಗುತ್ತದೆ. ಹಿಪ್ಪುನೇರಳೆ ರೇಷ್ಮೆಯ ಮೊಟ್ಟೆಗೆ ಗುಜರಾತಿನ ಜನವರಿಯಲ್ಲಿ ಅದು ಬೇಕೇ ಇಲ್ಲ.

ಎರಿ ರೇಷ್ಮೆಯ ಮಾತು ಬೇರೆ. ಭಾರತದ ಹರಳೆಣ್ಣೆ ಬೀಜದ ಬಹುಪಾಲು ಬೆಳೆಯುವುದು ಗುಜರಾತಿನಲ್ಲಿ, ಎರಿ ಹುಳು ತಿನ್ನುವುದು ಹರಳು ಗಿಡದ ಎಲೆ. ಆದ್ದರಿಂದ ಕೇಂದ್ರ ರೇಷ್ಮೆ ಮಂಡಳಿ ಬನಾಸಕಾಂಠಾದ ಸರ್ದಾರ್‌ಕೃಷಿನಗರದ ಕೃಷಿ ವಿಶ್ವವಿದ್ಯಾಲಯದ ಜೊತೆಗೂಡಿ ಅಲ್ಲಿನ ಹರಳು ಬೆಳೆಗಾರರಿಗೆ ಎರಿ ಸಾಕಣೆ ಕಲಿಸಲು ಹೊರಟಿತು. ಎರಿ ಹುಳುವಿನ ತವರು ಅಸ್ಸಾಂ. ಅದರ ಮೊಟ್ಟೆಗೆ ನಿದ್ದೆ ಎಂಬುದೇ ಇಲ್ಲ. ಬೆಚ್ಚಗಿದ್ದರೆ ಹತ್ತು ದಿನಕ್ಕೆ ಒಡೆಯುತ್ತದೆ, ಚಳಿಗೆ ತಡವಾಗಿ, ಮುಂದೆ ಹಿಂದೆ ಒಡೆಯುತ್ತದೆ. ಕಸ್ತೂರಿ ರಂಗ ಎದುರಿಸಿದ್ದು ಇಂಥದೇ ಮೊಟ್ಟೆಯನ್ನು. ಬೆಚ್ಚಗಿಡುವ ಚಿಂತೆಗೆ ಅರ್ಥವಿರುವುದು ಇಂಥ ಮೊಟ್ಟೆಯಲ್ಲಿ ಮಾತ್ರ, ಅದೂ ಉತ್ತರ ಗುಜರಾತಿನ ಚಳಿರಾತ್ರಿಗಳಲ್ಲಿ. ಬಿಸಿಗೆ ಯಾವ ಮೊಟ್ಟೆಯೂ ತಾಳುವುದಿಲ್ಲ: 2016ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ 48 ಡಿಗ್ರಿ ಮುಟ್ಟಿತ್ತು, 30 ದಾಟಿದರೇ ಭ್ರೂಣಕ್ಕೆ ಕಷ್ಟ.

ಹಾಗಾಗಿ ಕೇಳಿದ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಮಾವು ಹೂ ಬಿಡುವ ಫೆಬ್ರುವರಿಯಲ್ಲಿ, ನಿಮ್ಮ ಬೀದಿಯ ಶೇತೂರ್, ಅಂದರೆ ಹಿಪ್ಪುನೇರಳೆ ಮರದಲ್ಲಿ ಎಳೆ ಚಿಗುರು ಬಂದದ್ದನ್ನು ಮೊದಲು ನೋಡಿಕೊಳ್ಳಿ. ರೋಗಪರೀಕ್ಷೆ ಆದ ಮೊಟ್ಟೆಯನ್ನೇ ಕೇಳಿ. ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ, ಸಂಜೆ ಹೊರಡುವಂತೆ, ಗೊಬ್ಬರ, ಹೊಗೆಸೊಪ್ಪು, ಕೀಟನಾಶಕದ ವಾಸನೆ ತಾಗದಂತೆ ಕಳಿಸಲು ಹೇಳಿ. ಬಂದ ಮೇಲೆ 25 ಡಿಗ್ರಿಯ ಕೋಣೆಯಲ್ಲಿ, ಬಟ್ಟಲು ನೀರು ಪಕ್ಕದಲ್ಲಿಟ್ಟು ತೇವ ಆರದಂತೆ ಹರಡಿಡಿ. ತಲೆಚುಕ್ಕೆ ಕಂಡ ದಿನ ಕಪ್ಪು ಕಾಗದ ಮುಚ್ಚಿ, ಎರಡು ದಿನದ ಮೇಲೆ ಬೆಳಗ್ಗೆ ಬೇಗ ಎದ್ದು ತೆಗೆದು ಬೆಳಕು ಬೀಳಿಸಿ. ಎರಡು ಗಂಟೆಯಲ್ಲಿ ಬಹುತೇಕ ಎಲ್ಲ ಹುಳುಗಳೂ ಹೊರಗೆ ಬಂದಿರುತ್ತವೆ. ಎಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಅವುಗಳ ಮೇಲೆ ಉದುರಿಸಿ.